ಕಾಳಿಂಗ ಯಾವ ಸೀಮೆಯದು?

ಮಾರ್ಚ್ ತಿಂಗಳು ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಕಾಳಿಂಗ ಸರ್ಪದ ಸುದ್ದಿ ಶುರುವಾಗುತ್ತದೆ. ಒಬ್ಬರ ಮನೆಯ ಸೌದೆ ಕೊಟ್ಟಿಗೆಯಲ್ಲಿ ಕಂಡಿತಂತೆ, ಇನ್ನೊಬ್ಬರ ಬಚ್ಚಲುಮನೆಯ ಹಂಡೆಯ ಹಿಂದೆ ಸುರುಳಿ ಸುತ್ತಿ ಮಲಗಿತ್ತಂತೆ, ಮತ್ತೊಬ್ಬರ ಅಡಕೆ ತೋಟದಲ್ಲಿ ಕೇರೆ ಹಾವನ್ನು ಅರ್ಧ ನುಂಗಿ ಹೆಡೆಯೆತ್ತಿ ನಿಂತಿತ್ತಂತೆ. ಸುದ್ದಿ ಬಾಳಗಡಿಯ ಹೋಟೆಲಿನ ಬೆಂಚಿಗೆ ಬರುವಷ್ಟರಲ್ಲಿ ಹಾವಿನ ಉದ್ದಕ್ಕೆ ಎರಡು ಮೂರು ಅಡಿ ಸೇರಿರುತ್ತದೆ.

ಮಲೆನಾಡಿನವರು ಸಾಮಾನ್ಯವಾಗಿ ಕಾಳಿಂಗವನ್ನು ಹೊಡೆಯುವುದಿಲ್ಲ. ಭಯವೂ ಉಂಟು, ಭಕ್ತಿಯೂ ಉಂಟು. ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ಫೋನು ಹೋಗುತ್ತದೆ. ಅವರು ಬಂದು ಕೋಲು, ಚೀಲ ಹಿಡಿದು ಅರ್ಧ ಗಂಟೆ ಹೆಣಗಿ, ನೆರೆದವರ ಮುಂದೆ ಹಾವನ್ನು ಚೀಲಕ್ಕಿಳಿಸಿ ಜೀಪಿನಲ್ಲಿ ಒಯ್ಯುತ್ತಾರೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಅಲ್ಲಿಂದ ಮುಂದೆ ಆ ಹಾವು ಎಲ್ಲಿಗೆ ಹೋಯಿತು ಎಂದು ಕೇಳುವವರು ಕಡಿಮೆ. ಹತ್ತಿರದ ಕಾಡಿಗೆ ಬಿಟ್ಟರೇ? ದೂರದ ಘಟ್ಟಕ್ಕೆ ಸಾಗಿಸಿದರೇ? ಯಾವುದೋ ಮೃಗಾಲಯದ ಗಾಜಿನ ಕೋಣೆ ಸೇರಿತೇ?

ಈ ಪ್ರಶ್ನೆಗೆ ಈಗ ಹೊಸ ತೂಕ ಬಂದಿದೆ. ೨೦೨೪ರ ಅಕ್ಟೋಬರಿನಲ್ಲಿ ಪಿ. ಗೌರಿಶಂಕರ್, ಇಂದ್ರನೀಲ್ ದಾಸ್ ಮತ್ತು ವುಲ್ಫ್‌ಗ್ಯಾಂಗ್ ವುಸ್ಟರ್ ಸೇರಿದಂತೆ ವಿಜ್ಞಾನಿಗಳು ಯುರೋಪಿನ ವರ್ಗೀಕರಣ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿ, ಇಷ್ಟು ಕಾಲ ಒಂದೇ ಎಂದುಕೊಂಡಿದ್ದ ಕಾಳಿಂಗ ಸರ್ಪ ಒಂದಲ್ಲ, ನಾಲ್ಕು ಪ್ರಭೇದಗಳ ಗುಂಪು ಎಂದು ವಿವರಿಸಿದರು. ಅವುಗಳಲ್ಲಿ ಪಶ್ಚಿಮ ಘಟ್ಟದ್ದು ಒಂದು. ಬೇರೆ ಎಲ್ಲಿಯೂ ಅದು ಇಲ್ಲ. ಅದಕ್ಕೆ ಅವರಿಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಮಲೆನಾಡಿನ ಅಜ್ಜಿಯರ ಬಾಯಲ್ಲಿದ್ದ ಕನ್ನಡದ ಮಾತು ಹೀಗೆ ಜಗತ್ತಿನ ಜೀವಶಾಸ್ತ್ರದ ಪುಸ್ತಕ ಸೇರಿತು. ಹೆಮ್ಮೆಪಡುವ ವಿಷಯವೇ ಸರಿ. ಆದರೆ ಹೆಸರಿನ ಜೊತೆ ಕೆಲವು ಹೊಣೆಗಳೂ ಬಂದಿವೆ.

ಹಾವು ತಿನ್ನುವ ರಾಜರು

‘ಹಾವಿನ ರಾಜ’ ಎಂಬ ಬಿರುದು ಪಡೆದ ಹಾವುಗಳು ಜಗತ್ತಿನಲ್ಲಿ ಎರಡು ಗುಂಪಿನವು. ಒಂದು ನಮ್ಮ ಕಾಳಿಂಗ. ಇನ್ನೊಂದು ಅಮೆರಿಕದ ಕಿಂಗ್‌ಸ್ನೇಕ್. ಎರಡಕ್ಕೂ ಬಂಧುತ್ವವೇನೂ ಇಲ್ಲ. ಎರಡೂ ಬೇರೆ ಹಾವುಗಳನ್ನು ಹಿಡಿದು ತಿನ್ನುತ್ತವೆ ಎಂಬುದಷ್ಟೇ ರಾಜಪದವಿಗೆ ಕಾರಣ. ಅಮೆರಿಕದ ಪರ್ವತ ಕಿಂಗ್‌ಸ್ನೇಕ್ ಎರಡು ಮೂರು ಅಡಿಯ, ಕೆಂಪು ಕಪ್ಪು ಬಿಳಿ ಪಟ್ಟೆಗಳ, ವಿಷವಿಲ್ಲದ ಚೆಲುವಾದ ಹಾವು. ಅಲ್ಲಿನವರು ಅದನ್ನು ಮನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾರೆ, ಮರಿ ಮಾಡಿಸುತ್ತಾರೆ, ಮಾರುತ್ತಾರೆ. ನಮ್ಮಲ್ಲಿ ನಾಯಿಮರಿ ಕೊಳ್ಳುವವರು ಜಾತಿ ಕೇಳುವಂತೆ ಅಲ್ಲಿ ಹಾವು ಕೊಳ್ಳುವವರು ‘ಯಾವ ಬೆಟ್ಟದ್ದು?’ ಎಂದು ಕೇಳುತ್ತಾರೆ.

ಅವರ ಪ್ರಶ್ನೆ ಹುಚ್ಚಾಟವಲ್ಲ. ಒಣ ಬಯಲಿನ ನಡುವೆ ದ್ವೀಪಗಳಂತೆ ಎದ್ದಿರುವ ಬೆಟ್ಟಸಾಲುಗಳಲ್ಲಿ ಈ ಹಾವುಗಳು ಸಾವಿರಾರು ವರ್ಷ ಒಂದನ್ನೊಂದು ಸೇರದೆ ಉಳಿದಿವೆ. ಹಿಂದಿನ ವಿದ್ವಾಂಸರು ಪಟ್ಟೆಗಳನ್ನು ಎಣಿಸಿ ಉಪಜಾತಿಗಳನ್ನು ಮಾಡಿದ್ದರು. ಅನಂತರ ಡಿಎನ್ಎ ಪರೀಕ್ಷೆ ಬಂತು. ಅರಿಜೋನಾ ಕಡೆಯ ಪರ್ವತ ಕಿಂಗ್‌ಸ್ನೇಕನ್ನು ೨೦೧೧ರಲ್ಲಿ, ಕ್ಯಾಲಿಫೋರ್ನಿಯದ್ದನ್ನು ೨೦೧೩ರಲ್ಲಿ ಎರಡೆರಡು ಪ್ರಭೇದಗಳಾಗಿ ಒಡೆದು ತೋರಿಸಲಾಯಿತು. ಮೂಲದ ಬೆಟ್ಟದ ಹೆಸರು ಬರೆದಿಟ್ಟುಕೊಂಡಿದ್ದ ಸಾಕಣೆದಾರರು ಹೊಸ ವಿಂಗಡಣೆಯಲ್ಲಿ ತಮ್ಮ ಹಾವಿನ ಸ್ಥಾನ ಕಂಡುಕೊಂಡರು. ಬರೆದಿಡದೆ ಅಲ್ಲಿಂದೊಂದು ಗಂಡು ಇಲ್ಲಿಂದೊಂದು ಹೆಣ್ಣು ತಂದು ಮರಿ ಮಾಡಿಸಿದವರ ಬಳಿ ಉಳಿದದ್ದು ಅಂದದ ಹಾವು ಮಾತ್ರ. ಅದು ಯಾವ ವಂಶದ್ದೆಂದು ಹೇಳುವ ದಾರಿ ಅವರಿಗಿರಲಿಲ್ಲ.

ನಮ್ಮ ದೇಶದಲ್ಲಿ ಕಾಳಿಂಗವನ್ನು ಮನೆಯಲ್ಲಿ ಸಾಕುವ ಮಾತೇ ಇಲ್ಲ. ೧೯೭೨ರ ವನ್ಯಜೀವಿ ರಕ್ಷಣಾ ಕಾಯಿದೆಯಂತೆ ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಸಾಕುವುದೇನಿದ್ದರೂ ಮೃಗಾಲಯಗಳು. ಆದರೆ ಪ್ರಶ್ನೆ ಅದೇ: ಯಾವ ಬೆಟ್ಟದ್ದು?

ದರಗಿನ ಗೂಡು

ವಂಶದ ಜಗಳಕ್ಕೆ ಹೋಗುವ ಮೊದಲು ಈ ಹಾವಿನ ಸಂಸಾರವನ್ನು ಸ್ವಲ್ಪ ನೋಡಬೇಕು. ಯಾಕೆಂದರೆ ಕಾಳಿಂಗ ನೆಲಕ್ಕೆ ಎಷ್ಟು ಅಂಟಿಕೊಂಡ ಪ್ರಾಣಿ ಎಂಬುದು ಅಲ್ಲಿಯೇ ಗೊತ್ತಾಗುವುದು.

ಮಾರ್ಚಿನಲ್ಲಿ ಸುದ್ದಿ ಹೆಚ್ಚಲು ಕಾರಣವಿದೆ. ಅದು ಅವುಗಳ ಮದುವೆಯ ಕಾಲ. ಹೆಣ್ಣು ಹರಿದ ದಾರಿಯ ವಾಸನೆ ಹಿಡಿದು ಗಂಡುಗಳು ಹೊರಡುತ್ತವೆ. ನಾಲಿಗೆಯನ್ನು ಹೊರಚಾಚಿ ಗಾಳಿಯ, ನೆಲದ ವಾಸನೆಯ ಕಣಗಳನ್ನು ಅಂಗುಳಿನ ಒಂದು ವಿಶೇಷ ಅಂಗಕ್ಕೆ ಮುಟ್ಟಿಸುತ್ತಾ ಹೋಗುತ್ತವೆ. ಒಂದೇ ಹೆಣ್ಣಿನ ಹಿಂದೆ ಎರಡು ಗಂಡು ಬಂದರೆ ಕುಸ್ತಿ. ಎರಡೂ ಮೈ ಹೆಣೆದುಕೊಂಡು ಮೇಲೆದ್ದು ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತವೆ. ಕಚ್ಚುವುದಿಲ್ಲ. ತಲೆ ನೆಲ ಮುಟ್ಟಿಸಿಕೊಂಡದ್ದು ಸೋತು ಹೊರಟುಹೋಗುತ್ತದೆ. ಇದನ್ನು ನೋಡಿದ ಹಳ್ಳಿಯವರು ಗಂಡು ಹೆಣ್ಣಿನ ಸರಸವೆಂದು ತಿಳಿಯುವುದುಂಟು; ವಾಸ್ತವವಾಗಿ ಅಲ್ಲಿ ಹೆಣ್ಣೇ ಇರುವುದಿಲ್ಲ.

ಏಪ್ರಿಲ್, ಮೇ ಹೊತ್ತಿಗೆ ಹೆಣ್ಣು ಗೂಡು ಕಟ್ಟುತ್ತದೆ. ಎಲೆ ಒಟ್ಟುಮಾಡಿ ಗೂಡು ಕಟ್ಟುವ ಹಾವು ಇದೊಂದೇ. ಕೈಕಾಲಿಲ್ಲದ ಪ್ರಾಣಿ ಗೂಡು ಕಟ್ಟುವ ಬಗೆಯೇ ವಿಚಿತ್ರ. ಬಿದಿರಿನ ಮೆಳೆಯ ಬುಡದಲ್ಲೋ ಮರದ ಬೇರಿನ ಸಂದಿಯಲ್ಲೋ ಬಿದ್ದ ದರಗನ್ನು ಮೈಯ ಕೊಂಕಿನಲ್ಲಿ ಸುತ್ತಿ ಎಳೆದು ತಂದು ಗುಡ್ಡೆ ಹಾಕುತ್ತದೆ. ನಡುವೆ ಕುಳಿತು ಸುತ್ತು ಹೊಡೆದು ಒತ್ತಿ ಒತ್ತಿ ಗಟ್ಟಿ ಮಾಡುತ್ತದೆ. ಇಪ್ಪತ್ತು ಮೂವತ್ತು ಮೊಟ್ಟೆಗಳನ್ನಿಟ್ಟು ಮೇಲೆ ಮತ್ತೆ ದರಗು ಮುಚ್ಚುತ್ತದೆ. ಕೊಳೆಯುವ ಎಲೆಗಳಿಂದ ಹಿತವಾದ ಬೆಚ್ಚನೆ. ಮೇಲಿನಿಂದ ಮಳೆ. ಅದೂ ಎಂಥ ಮಳೆ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗಿಂತ ಹೆಚ್ಚು. ಆ ಮಳೆಯಲ್ಲೂ ಗೂಡಿನೊಳಗೆ ಮೊಟ್ಟೆ ನೀರಿನಲ್ಲಿ ತೇಲದಂತೆ ಹಾವು ಎಲೆ ಹೊದಿಸುತ್ತದೆ. ಹುಲ್ಲು ಹೊದಿಸಿದ ಮಾಡಿನ ಕೆಳಗೆ ಬದುಕಿದ ಹಿರಿಯರಿಗೆ ಈ ಕುಶಲತೆಯ ಬೆಲೆ ತಿಳಿಯುತ್ತದೆ.

ತಾಯಿ ವಾರಗಟ್ಟಲೆ ಗೂಡಿನ ಮೇಲೋ ಬಳಿಯಲ್ಲೋ ಕಾವಲಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮರಿಗಳು ಹೊರಬರುತ್ತವೆ. ಹೊರಬರುವ ಸ್ವಲ್ಪ ಮೊದಲೇ ತಾಯಿ ಸ್ಥಳ ಬಿಟ್ಟಿರುತ್ತದೆ. ಹಾವು ತಿನ್ನುವ ತಾಯಿ, ಹಾವಿನಾಕಾರದ ಮಕ್ಕಳು. ಹಸಿದ ಹೊಟ್ಟೆಯಲ್ಲಿ ಒಟ್ಟಿಗಿರುವುದು ಕ್ಷೇಮವಲ್ಲ ಎಂದು ಕೆಲವರು ಇದಕ್ಕೆ ಅರ್ಥ ಹೇಳುತ್ತಾರೆ. ಮರಿಗಳು ಒಂದೂವರೆ ಅಡಿ ಆಸುಪಾಸು, ಕಡುಗಪ್ಪು ಮೈ, ಮೇಲೆ ಬಿಳಿ ಹಳದಿ ಪಟ್ಟೆ. ಮೊದಲ ದಿನದಿಂದಲೇ ವಿಷವಿರುತ್ತದೆ, ಹೆಡೆಯೂ ಏಳುತ್ತದೆ.

ಊಟಕ್ಕೆ ಕೇರೆ ಹಾವು, ನಾಗರಹಾವು, ಮಂಡಲದ ಜಾತಿಯವು, ಕೆಲವೊಮ್ಮೆ ಉಡ. ಮನೆಯಂಗಳಕ್ಕೆ ಕಾಳಿಂಗ ಬರುವುದು ಮನೆಯವರ ಮೇಲಿನ ಸಿಟ್ಟಿನಿಂದಲ್ಲ. ಅಡಕೆ, ಭತ್ತ ಇರುವಲ್ಲಿ ಇಲಿ, ಇಲಿಯ ಹಿಂದೆ ಕೇರೆ, ಕೇರೆಯ ಹಿಂದೆ ಕಾಳಿಂಗ. ಶಾಲೆಯಲ್ಲಿ ಕರಿಹಲಗೆಯ ಮೇಲೆ ಬಾಣ ಹಾಕಿ ಕಲಿಸುವ ಆಹಾರ ಸರಪಳಿ ಸೌದೆ ಕೊಟ್ಟಿಗೆಯಲ್ಲಿ ಕೊನೆಗೊಳ್ಳುತ್ತದೆ ಅಷ್ಟೆ.

ಒಂದು ಹೆಸರು, ನಾಲ್ಕು ವಂಶ

ಡೆನ್ಮಾರ್ಕ್ ಮೂಲದ ಥಿಯೊಡೋರ್ ಕ್ಯಾಂಟರ್ ೧೮೩೬ರಲ್ಲಿ ಬಂಗಾಳದ ಕಡೆಯ ಹಾವನ್ನು ನೋಡಿ ಹಮಾಡ್ರಿಯಾಸ್ ಹ್ಯಾನಾ ಎಂದು ಹೆಸರಿಟ್ಟ. ಮರುವರ್ಷವೇ ಶ್ಲೆಗೆಲ್ ಎಂಬಾತ ಆಗ್ನೇಯ ಏಷ್ಯದ ದ್ವೀಪಗಳ ಕಾಳಿಂಗಕ್ಕೆ ಬಂಗಾರಸ್ ಎಂಬ ಹೆಸರು ಕೊಟ್ಟ. ಕ್ಯಾಂಟರನ ಹಮಾಡ್ರಿಯಾಸ್ ಎಂಬ ಕುಲನಾಮ ಅದಾಗಲೇ ಒಂದು ಚಿಟ್ಟೆಗೆ ಸಂದಿತ್ತು. ೧೮೬೪ರಲ್ಲಿ ಗುಂಥರ್ ‘ಹಾವು ತಿನ್ನುವುದು’ ಎಂಬರ್ಥದ ಓಫಿಯೋಫೇಗಸ್ ಎಂಬ ಹೆಸರು ತಂದ. ಮುಂದೆ ಎಲ್ಲ ಹೆಸರುಗಳೂ ಓಫಿಯೋಫೇಗಸ್ ಹ್ಯಾನಾ ಎಂಬ ಒಂದೇ ಬುಟ್ಟಿಗೆ ಬಿದ್ದವು. ಹಿಮಾಲಯದ ತಪ್ಪಲಿನಿಂದ ಫಿಲಿಪೀನ್ಸ್‌ವರೆಗೆ, ಆಗುಂಬೆಯಿಂದ ಅಂಡಮಾನಿನವರೆಗೆ ಎಲ್ಲ ಕಾಳಿಂಗವೂ ಒಂದೇ ಎಂಬ ನಂಬಿಕೆ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು.

ಸಂಶಯ ಹುಟ್ಟಿದ ಬಗೆ ಸ್ವಾರಸ್ಯಕರ, ಸ್ವಲ್ಪ ಭಯಂಕರ ಕೂಡ. ಹಾವಿನ ಸಂಶೋಧಕ ರೊಮುಲಸ್ ವಿಟೇಕರ್ ೧೯೭೧ರಲ್ಲಿ ಆಗುಂಬೆಯಲ್ಲಿ ಕಾಳಿಂಗವನ್ನು ಕಂಡು ಬೆರಗಾಗಿದ್ದವರು. ೨೦೦೫ರಲ್ಲಿ ಅಲ್ಲಿಯೇ ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಅದರ ಮೊದಲ ದಿನಗಳಿಂದ ಕೆಲಸಮಾಡಿದ ಗೌರಿಶಂಕರ್ ಅವರಿಗೆ ಅದೇ ೨೦೦೫ರಲ್ಲಿ ಕಾಳಿಂಗ ಕಚ್ಚಿತು. ಭಾರತದಲ್ಲಿ ಕಾಳಿಂಗದ ವಿಷಕ್ಕೆಂದೇ ತಯಾರಾಗುವ ಔಷಧವಿರಲಿಲ್ಲ. ಥಾಯ್ಲೆಂಡಿನ ಕಾಳಿಂಗದ ವಿಷದಿಂದ ಅಲ್ಲಿ ತಯಾರಿಸಿದ ಔಷಧ ಕೊಟ್ಟರು. ಅದು ಫಲಿಸಲಿಲ್ಲ, ಬದಲಿಗೆ ಅದಕ್ಕೆ ದೇಹ ಒಗ್ಗದೆ ತೊಂದರೆಯಾಯಿತು. ಅವರು ಬದುಕಿದರು, ಜೊತೆಗೆ ಒಂದು ಪ್ರಶ್ನೆಯೂ ಬದುಕಿತು: ಅಲ್ಲಿಯ ಹಾವೂ ಇಲ್ಲಿಯ ಹಾವೂ ಒಂದೇ ಹೌದೇ?

ಒಬ್ಬರ ಅನುಭವದಿಂದ ವಿಜ್ಞಾನದ ತೀರ್ಮಾನ ಮಾಡುವಂತಿಲ್ಲ. ಔಷಧ ಫಲಿಸದಿರಲು ಹತ್ತು ಕಾರಣಗಳಿರಬಹುದು. ಆದ್ದರಿಂದ ಅವರು ಮತ್ತು ಜೊತೆಗಾರರು ಹಲವು ದೇಶಗಳ ಕಾಳಿಂಗಗಳ ಡಿಎನ್ಎ ಹೋಲಿಸತೊಡಗಿದರು. ಪ್ರಾಣಿಯನ್ನು ಕೊಲ್ಲಬೇಕಿಲ್ಲ. ಪೊರೆಯ ತುಂಡು, ಹುರುಪೆಯ ಅಂಚು, ರಸ್ತೆಯಲ್ಲಿ ಸತ್ತ ಹಾವಿನ ಚೂರು ಅಂಗಾಂಶ ಸಾಕು. ಜೀವಕೋಶದ ಕೇಂದ್ರದಲ್ಲಿರುವ ಡಿಎನ್ಎ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಕೇಂದ್ರದ ಹೊರಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಅಂಗಗಳಲ್ಲಿರುವ ಡಿಎನ್ಎ ತಾಯಿಯಿಂದ ಮಾತ್ರ ಬರುತ್ತದೆ. ತವರಿನ ಬಳುವಳಿ ಮಗಳಿಂದ ಮಗಳಿಗೆ ಇಳಿದ ಹಾಗೆ. ಅದರಲ್ಲಿ ಕಾಲಕಾಲಕ್ಕೆ ಬೀಳುವ ಸಣ್ಣ ಅಕ್ಷರದೋಷಗಳನ್ನು ಹೋಲಿಸಿದರೆ ಯಾವ ಎರಡು ಗುಂಪುಗಳು ಎಷ್ಟು ದೂರದ ನೆಂಟರೆಂದು ಅಂದಾಜಾಗುತ್ತದೆ. ೨೦೨೧ರಲ್ಲಿ ಪ್ರಕಟವಾದ ಆ ಕೆಲಸ ಎರಡೂ ಬಗೆಯ ಡಿಎನ್ಎ ನೋಡಿ ನಾಲ್ಕು ಪ್ರತ್ಯೇಕ ವಂಶಗಳನ್ನು ತೋರಿಸಿತು. ಅನಂತರ ದೇಶವಿದೇಶದ ವಸ್ತುಸಂಗ್ರಹಾಲಯಗಳ ಜಾಡಿಗಳಲ್ಲಿ ಮದ್ಯಸಾರದಲ್ಲಿಟ್ಟ ಹಳೆಯ ಹಾವುಗಳನ್ನು ತೆಗೆದು ಪಟ್ಟೆ, ಹುರುಪೆ, ಹಲ್ಲುಗಳನ್ನು ಅಳೆದು ೨೦೨೪ರಲ್ಲಿ ಹೆಸರುಗಳನ್ನು ಗೊತ್ತುಮಾಡಿದರು.

ಈಗ ಹ್ಯಾನಾ ಎಂದರೆ ಉತ್ತರ ಮತ್ತು ಪೂರ್ವ ಭಾರತ, ಅಂಡಮಾನ್, ಬರ್ಮಾ, ಇಂಡೋಚೀನದ ಕಾಳಿಂಗ. ಮಲಯ ಪರ್ಯಾಯದ್ವೀಪ ಮತ್ತು ಇಂಡೋನೇಷ್ಯದ ದ್ವೀಪಗಳದ್ದು ಬಂಗಾರಸ್. ಫಿಲಿಪೀನ್ಸಿನ ಲೂಜಾನ್ ದ್ವೀಪದ್ದು ಸಾಲ್ವಟಾನ. ಪಶ್ಚಿಮ ಘಟ್ಟದ್ದು ಕಾಳಿಂಗ. ಕಣ್ಣಿಗೆ ಕಾಣುವ ಗುರುತೂ ಒಂದಿದೆ. ಬೆಳೆದ ಉತ್ತರದ ಹಾವಿನ ಮಾಸಲು ಪಟ್ಟೆಗಳಿಗೆ ಕಪ್ಪಂಚು ಇರುತ್ತದೆ, ಧೋತರದ ಅಂಚಿನಂತೆ. ಘಟ್ಟದ ಹಾವಿನ ಪಟ್ಟೆಗೆ ಆ ಅಂಚಿಲ್ಲ.

ಕುತೂಹಲದ ಮಾತೆಂದರೆ, ಪೂರ್ವಘಟ್ಟದ ಕಾಳಿಂಗ ನಮ್ಮದಕ್ಕಿಂತ ಬರ್ಮಾದ್ದಕ್ಕೆ ಹತ್ತಿರ. ಭೂಪಟದಲ್ಲಿ ಒಡಿಶಾ, ಆಂಧ್ರಗಳು ಬರ್ಮಾಕ್ಕಿಂತ ಎಷ್ಟೋ ಹತ್ತಿರ. ಆದರೆ ಹಾವಿಗೆ ಭೂಪಟ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತೇವ, ನೆರಳು, ದರಗು. ಶಿವಮೊಗ್ಗ ದಾಟಿ ಚಿತ್ರದುರ್ಗ, ಬಳ್ಳಾರಿ ಕಡೆ ಹೋದವರಿಗೆ ನಡುವಿನ ಬಯಲು ಎಷ್ಟು ಒಣ ಎಂದು ಹೇಳಬೇಕಿಲ್ಲ. ಮಳೆಕಾಡಿನ ಹಾವಿಗೆ ಆ ಬಯಲು ಸಮುದ್ರವಿದ್ದಂತೆ. ಪೂರ್ವಘಟ್ಟದ ಕಾಡುಗಳಿಗಾದರೋ ಉತ್ತರದ ತೇವದ ಸೀಮೆಗಳ ನಂಟಿತ್ತು.

ಹೀಗೆ ಹೆಸರು ಬದಲಾದಾಗ ಹಳೆಯ ದಾಖಲೆಗಳನ್ನೂ ಹೊಸದಾಗಿ ಓದಬೇಕಾಗುತ್ತದೆ. ಜಗತ್ತಿನ ಅತಿ ಉದ್ದದ ಕಾಳಿಂಗ ೧೮ ಅಡಿ ೯ ಅಂಗುಲದ್ದು ಎಂದು ಪುಸ್ತಕಗಳಲ್ಲಿದೆ. ೧೯೩೭ರಲ್ಲಿ ಮಲಯದಲ್ಲಿ ಹಿಡಿದು ಲಂಡನ್ ಮೃಗಾಲಯದಲ್ಲಿ ಸಾಕಿದ್ದ ಹಾವು ಅದು. ಎರಡನೆಯ ಮಹಾಯುದ್ಧ ಶುರುವಾದಾಗ ಬಾಂಬು ಬಿದ್ದು ಹಾವು ಹೊರಬಂದರೆ ಕಷ್ಟವೆಂದು ಅದನ್ನು ಕೊಂದರು. ಈಗಿನ ಲೆಕ್ಕದಲ್ಲಿ ಆ ದಾಖಲೆ ಬಂಗಾರಸ್‌ಗೆ ಸೇರಬೇಕು, ನಮ್ಮದಕ್ಕಲ್ಲ. ೨೦೧೩ರಲ್ಲಿ ಕಾಳಿಂಗದ ಸಂಪೂರ್ಣ ಡಿಎನ್ಎ ನಕ್ಷೆ ಪ್ರಕಟವಾಯಿತಲ್ಲ, ಅದಕ್ಕೆ ರಕ್ತ ಕೊಟ್ಟದ್ದು ಬಾಲಿ ದ್ವೀಪದ ಗಂಡು. ಅದೂ ನಮ್ಮ ಹಾವಲ್ಲ. ಬಾಳಗಡಿಯ ಬೆಂಚಿನ ಮೇಲೆ ಹದಿನೆಂಟು ಅಡಿಯ ಮಾತಾಡುವವರು ಇನ್ನು ಮುಂದೆ ಹದಿಮೂರಕ್ಕೆ ಇಳಿಯುವುದು ಒಳ್ಳೆಯದು.

ಸಾಕುವವರ ಕಷ್ಟ

ಕಾಳಿಂಗವನ್ನು ಸಾಕುವುದು ಸುಲಭವಲ್ಲ. ಮೊದಲನೆಯದಾಗಿ ಊಟ. ಹಾವಿಗೆ ಹಾವನ್ನೇ ಕೊಡಬೇಕು. ಕೊಡಬೇಕಾದ ಕೇರೆ ಹಾವೂ ಅದೇ ಕಾಯಿದೆಯ ರಕ್ಷಣೆಯಲ್ಲಿದೆ. ಕೆಲವು ಮೃಗಾಲಯಗಳು ಇಲಿಗೆ ಹಾವಿನ ವಾಸನೆ ಸವರಿ ತಿನ್ನುವ ಅಭ್ಯಾಸ ಮಾಡಿಸುತ್ತವೆ. ಎರಡನೆಯದು ಜೋಡಿ. ಗಂಡು ಹೆಣ್ಣನ್ನು ಒಟ್ಟಿಗೆ ಬಿಟ್ಟರೆ ಸಂಸಾರ ನಡೆಯುವುದೋ ಊಟ ನಡೆಯುವುದೋ ಹೇಳುವಂತಿಲ್ಲ. ಆಗುಂಬೆಯ ಕಾಡಿನಲ್ಲಿಯೇ ಗಂಡು ಕಾಳಿಂಗ ಹೆಣ್ಣನ್ನು ಕೊಂದದ್ದನ್ನು ಸಂಶೋಧಕರು ಕಂಡಿದ್ದಾರೆ. ಇಷ್ಟಾದರೂ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ೧೯೫೦ರ ದಶಕದಲ್ಲಿಯೇ ಕಾಳಿಂಗ ಗೂಡು ಕಟ್ಟಿತ್ತು. ಅದರ ವಿವರವನ್ನು ಜೇಮ್ಸ್ ಆಲಿವರ್ ೧೯೫೬ರಲ್ಲಿ ಬರೆದರು. ನಮ್ಮಲ್ಲಿ ಮಂಗಳೂರಿನ ಪಿಲಿಕುಳದ ಡಾ. ಶಿವರಾಮ ಕಾರಂತ ಜೈವಿಕ ಉದ್ಯಾನ ೨೦೧೦ರ ದಶಕದಲ್ಲಿ ಕಾಳಿಂಗದ ಮರಿ ಮಾಡಿಸಿ ಹೆಸರಾಯಿತು. ಇದು ಸಣ್ಣ ಸಾಧನೆಯಲ್ಲ.

ಮರಿ ಮಾಡಿಸಲು ಬಂದಮೇಲೆ ಅವುಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಏಳುತ್ತದೆ. ಮೃಗಾಲಯಗಳಲ್ಲಿ ಪ್ರಾಣಿ ವಿನಿಮಯ ಹಳೆಯ ಪದ್ಧತಿ. ೨೦೨೫ರಲ್ಲಿ ಪಿಲಿಕುಳದಿಂದ ಎರಡು ಕಾಳಿಂಗಗಳು ಭೋಪಾಲದ ವನವಿಹಾರಕ್ಕೆ ಹೋದವು. ಬದಲಿಗೆ ಹುಲಿಗಳು ಬರುವ ಒಪ್ಪಂದ. ಮಧ್ಯಪ್ರದೇಶದಲ್ಲಿ ಹಾವು ಕಡಿತದ ಸಾವು ಹೆಚ್ಚು, ಕಾಳಿಂಗವಿದ್ದರೆ ಉಳಿದ ವಿಷದ ಹಾವುಗಳನ್ನು ತಿಂದು ಹತೋಟಿಯಲ್ಲಿಡುತ್ತದೆ ಎಂಬ ಆಲೋಚನೆ ಅಲ್ಲಿನ ಸರ್ಕಾರದ್ದಾಗಿತ್ತು. ಬಂದ ಎರಡರಲ್ಲಿ ಒಂದು ಕೆಲವೇ ತಿಂಗಳಲ್ಲಿ ಸತ್ತಿತು.

ಗಾಜಿನ ಕೋಣೆಯಲ್ಲಿ ಜನ ನೋಡಲಿ ಎಂದರೆ ಆಕ್ಷೇಪವಿಲ್ಲ. ಆದರೆ ಕಾಡಿಗೆ ಬಿಡುವ ಯೋಚನೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಕಾಳಿಂಗಕ್ಕೆ ಆ ಒಣ ಸೀಮೆ ಒಗ್ಗುವುದೇ ಎಂಬುದು ಮೊದಲ ಮಾತು. ಎರಡನೆಯದು, ಮಂಗಳೂರಿನಿಂದ ಹೋದ ಹಾವು ಘಟ್ಟದ ವಂಶದ್ದಾದರೆ ವಿಂಧ್ಯದಾಚೆ ಅದಕ್ಕೆ ತವರೇ ಇಲ್ಲ. ಆ ದಿಕ್ಕಿನ ಕಾಡುಗಳಿಗೆ ಹತ್ತಿರದ್ದು ಹ್ಯಾನಾ. ಇನ್ನು ಕೇರೆ, ನಾಗರಗಳನ್ನು ಕಾಳಿಂಗ ಮುಗಿಸಿದರೆ ಇಲಿಗಳನ್ನು ಹಿಡಿಯುವವರು ಯಾರೆಂದು ಅಲ್ಲಿನ ರೈತರೇ ಕೇಳಬೇಕು.

ಬೆರಕೆಯ ಅಪಾಯ ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಕೊಟ್ಟಿಗೆಯ ಉದಾಹರಣೆಯೇ ಇದೆ. ಹಾಲು ಹೆಚ್ಚಲಿ ಎಂದು ಜೆರ್ಸಿ ತಂದು ಮನೆಮನೆಯ ದನಗಳಿಗೆ ಬೆರಸಿದೆವು. ಹಾಲು ಹೆಚ್ಚಿತು, ಸುಳ್ಳಲ್ಲ. ಮಳೆಯಲ್ಲಿ ನೆನೆದು ಗುಡ್ಡದಲ್ಲಿ ಮೇದು ರೋಗ ತಡೆದುಕೊಳ್ಳುತ್ತಿದ್ದ ಮಲೆನಾಡು ಗಿಡ್ಡ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಕರಗುತ್ತಾ ಬಂತು. ಅದೊಂದು ಪ್ರತ್ಯೇಕ ತಳಿ ಎಂದು ಅಧಿಕೃತವಾಗಿ ನೋಂದಣಿಯಾದದ್ದು ೨೦೧೨ರಲ್ಲಿ. ಅಷ್ಟರಲ್ಲಿ ಅಪ್ಪಟ ಗಿಡ್ಡವನ್ನು ಹುಡುಕಿಕೊಂಡು ಹೋಗುವ ಸ್ಥಿತಿ ಬಂದಿತ್ತು. ದನದ ವಿಷಯದಲ್ಲಿ ಹಾಲಿನ ಲಾಭವಾದರೂ ಇತ್ತು. ಅಸ್ಸಾಮಿನ ಗಂಡಿಗೂ ಆಗುಂಬೆಯ ಹೆಣ್ಣಿಗೂ ಹುಟ್ಟಿದ ಕಾಳಿಂಗದಿಂದ ಯಾರಿಗೆ ಲಾಭ? ಅದನ್ನು ಎರಡೂ ಕಾಡಿಗೆ ಬಿಡುವಂತಿಲ್ಲ. ೨೦೨೪ಕ್ಕೆ ಮೊದಲು ಎಲ್ಲವೂ ಒಂದೇ ಪ್ರಭೇದವಾಗಿದ್ದುದರಿಂದ ಮೃಗಾಲಯಗಳು ಇದನ್ನು ಯೋಚಿಸಬೇಕಾಗಿರಲಿಲ್ಲ. ಇನ್ನು ಮುಂದೆ ಯೋಚಿಸದಿದ್ದರೆ ತಪ್ಪು ಅವರದ್ದೇ. ಜೋಡಿ ಕೂಡಿಸುವ ಮೊದಲು ಎರಡರ ಊರನ್ನೂ ಕೇಳಬೇಕು, ಗೊತ್ತಿಲ್ಲದಿದ್ದರೆ ಪೊರೆಯ ತುಂಡನ್ನು ಪರೀಕ್ಷೆಗೆ ಕಳಿಸಬೇಕು. ಉತ್ತರ ಸಿಗುವವರೆಗೆ ಮರಿ ಮಾಡಿಸದಿರುವುದರಲ್ಲಿ ನಷ್ಟವೇನಿಲ್ಲ.

ಹಿಡಿದು ಬಿಡುವುದು

ಹಿಡಿದ ಹಾವನ್ನು ದೂರ ಸಾಗಿಸಿ ಬಿಡುವುದು ಪುಣ್ಯದ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆಗುಂಬೆಯಲ್ಲಿ ೨೦೦೮ರಿಂದ ಕಾಳಿಂಗಗಳ ಮೈಯೊಳಗೆ ಸಣ್ಣ ರೇಡಿಯೋ ಯಂತ್ರ ಅಳವಡಿಸಿ ಹಿಂಬಾಲಿಸಿದರು. ಹೀಗೆ ಸಾಗಿಸಿ ಬಿಟ್ಟ ಹಾವುಗಳ ಬಗ್ಗೆ ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಾಥಮಿಕ ಅಧ್ಯಯನ, ಅವು ಅದೇ ಊರಿನ ಹಾವುಗಳಂತೆ ಒಂದು ಸೀಮೆಯಲ್ಲಿ ನೆಲೆಯಾಗದೆ ಬಹುದೂರ ಅಲೆಯುವುದನ್ನು ತೋರಿಸಿತು. ಪರಿಚಯದ ಬಿಲ, ಪರಿಚಯದ ಹಳ್ಳ, ಇರೆ ಸಿಗುವ ಜಾಗ ಎಲ್ಲವನ್ನೂ ಕಳೆದುಕೊಂಡ ಪ್ರಾಣಿ ಹೊಸ ಜಾಗದಲ್ಲಿ ರಸ್ತೆ ದಾಟುತ್ತದೆ, ಇನ್ನಷ್ಟು ಅಂಗಳಗಳಿಗೆ ನುಗ್ಗುತ್ತದೆ. ಒಂದು ಮನೆಯ ಭಯ ಹತ್ತು ಮನೆಗೆ ಹಂಚಿದಂತಾಯಿತು.

ಹಾಗಾಗಿ ಆ ಪ್ರದೇಶದಲ್ಲಿ ಕೆಲಸಮಾಡುವ ಸಂಶೋಧಕರ ಸಲಹೆ ಸರಳ. ಹಾವು ಮನೆಯೊಳಗೆ ಸಿಕ್ಕಿಕೊಂಡಿಲ್ಲದಿದ್ದರೆ ದೂರ ನಿಂತು ಅದರ ದಾರಿಗೆ ಬಿಡಿ. ಬಹಳಷ್ಟು ಸಲ ಅದಾಗಿಯೇ ಹೋಗುತ್ತದೆ. ಹಿಡಿಯಲೇಬೇಕಾದರೆ ಹತ್ತಿರದ ಕಾಡಿನಲ್ಲಿಯೇ, ಅದೇ ದಿನ ಬಿಡಿ. ತೋಟದಂಚಿನಲ್ಲಿ ಗೂಡು ಕಂಡರೆ ಕೀಳದೆ ತಿಳಿಸಿ. ಗೂಡಿದ್ದಲ್ಲಿಯೇ ಸುತ್ತ ಬಲೆ ಕಟ್ಟಿ ಕಾವಲು ಕಾದು ಮರಿ ಹೊರಬಂದಾಗ ಅಲ್ಲೇ ಸುತ್ತಮುತ್ತ ಬಿಡುವ ಕೆಲಸ ಆಗುಂಬೆ ಸುತ್ತಿನಲ್ಲಿ ವರ್ಷಗಳಿಂದ ನಡೆದಿದೆ. ತಮ್ಮ ತೋಟದಲ್ಲಿ ಮೂರು ತಿಂಗಳು ಕಾಳಿಂಗದ ಗೂಡನ್ನು ಸಹಿಸಿಕೊಂಡ ಮನೆಗಳಿವೆ. ಜಗತ್ತಿನ ಬೇರೆಡೆ ಇಂಥ ನೆರೆಹೊರೆ ಸಿಗುವುದು ಅಪರೂಪ. ಹಿಡಿದ ಹಾವಿನ ಬಾಲ ಎತ್ತಿ ಅರ್ಧ ತಾಸು ಪ್ರದರ್ಶನ ಕೊಡುವವರಿಗಿಂತ ಈ ಮನೆಯವರ ಧೈರ್ಯ ದೊಡ್ಡದು.

ಔಷಧದ ಮಾತು

ಕಾಳಿಂಗ ಕಚ್ಚುವುದು ತೀರ ಅಪರೂಪ. ನಮ್ಮ ದೇಶದ ಹಾವು ಕಡಿತದ ಸಾವುಗಳಿಗೆ ಹೆಚ್ಚಾಗಿ ಕಾರಣ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು. ಆಸ್ಪತ್ರೆಗಳಲ್ಲಿ ಸಿಗುವ ಔಷಧವನ್ನು ಈ ನಾಲ್ಕರ ವಿಷವನ್ನು ಕುದುರೆಗಳಿಗೆ ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿವಸ್ತುವಿನಿಂದ ತಯಾರಿಸುತ್ತಾರೆ. ಅದರಲ್ಲಿ ಕಾಳಿಂಗದ ಪಾಲಿಲ್ಲ. ಕಾಳಿಂಗದ ವಿಷ ಮುಖ್ಯವಾಗಿ ನರಗಳಿಂದ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ರೋಗಿಯನ್ನು ಬೇಗ ಉಸಿರಾಟದ ಯಂತ್ರವಿರುವ ಆಸ್ಪತ್ರೆಗೆ ತಲುಪಿಸಿ ಉಸಿರು ನಡೆಸಿದರೆ ಬದುಕಿಸುವ ಅವಕಾಶವುಂಟು. ನಾಟಿ ಔಷಧ, ಮಂತ್ರ, ಗಾಯ ಕೊಯ್ಯುವುದು, ಹಗ್ಗ ಬಿಗಿಯುವುದು ಇವುಗಳಲ್ಲಿ ಕಳೆಯುವ ಒಂದೊಂದು ನಿಮಿಷವೂ ದುಬಾರಿ.

ಘಟ್ಟದ ಕಾಳಿಂಗ ಬೇರೆ ಪ್ರಭೇದವೆಂದ ಮಾತ್ರಕ್ಕೆ ಅದರ ವಿಷವೂ ಬೇರೆಯೇ ಎಂದು ಹೇಳಿಬಿಡಲಾಗದು. ಅದನ್ನು ಪ್ರಯೋಗಾಲಯದಲ್ಲಿ ಅಳೆದೇ ಹೇಳಬೇಕು. ಆದರೆ ಅಳೆಯಲು ಹೊರಟವರಿಗೆ ಮೊದಲು ಬೇಕಾದದ್ದು ಇಂಥ ಊರಿನ ಹಾವಿನದೆಂದು ಖಚಿತವಾಗಿ ಗೊತ್ತಿರುವ ವಿಷ. ಯಾವುದೋ ಮೃಗಾಲಯದ, ಮೂಲ ತಿಳಿಯದ ಹಾವಿನಿಂದ ತೆಗೆದ ವಿಷದಲ್ಲಿ ಕೊಪ್ಪದ ಕೂಲಿಯಾಳಿಗೆ ಔಷಧ ಮಾಡಲು ಹೋದರೆ ೨೦೦೫ರ ಪಾಠ ಮತ್ತೆ ಓದಬೇಕಾದೀತು.

ಕಾನೂನಿನ ಕಡೆಯಲ್ಲೂ ಒಂದು ಕೆಲಸ ಬಾಕಿಯಾಗುತ್ತದೆ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ ಕಾಳಿಂಗ ಸೇರಿದ್ದು, ೨೦೧೦ರಲ್ಲಿ ವಿಶ್ವ ಸಂರಕ್ಷಣಾ ಒಕ್ಕೂಟ ಅದನ್ನು ಅಪಾಯದ ಅಂಚಿನದೆಂದು ಗುರುತಿಸಿದ್ದು, ಎರಡೂ ಓಫಿಯೋಫೇಗಸ್ ಹ್ಯಾನಾ ಎಂಬ ಹೆಸರಿನಲ್ಲಿ, ಎಲ್ಲ ದೇಶಗಳ ಹಾವುಗಳನ್ನೂ ಒಟ್ಟು ಲೆಕ್ಕ ಹಾಕಿ. ಹಿಮಾಲಯದಿಂದ ಇಂಡೋಚೀನದವರೆಗೆ ಹಬ್ಬಿದ ಪ್ರಭೇದದ ಕ್ಷೇಮ ಬೇರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಯಲು, ನಡುವೆ ಕಾಫಿ ಅಡಕೆ ರಬ್ಬರ್ ಹೆದ್ದಾರಿಗಳಿಂದ ತುಂಡಾದ ಒಂದೇ ಬೆಟ್ಟಸಾಲಿನಲ್ಲಿ ಉಳಿದ ಪ್ರಭೇದದ ಕ್ಷೇಮ ಬೇರೆ. ಲೆಕ್ಕವನ್ನು ಬೇರೆಬೇರೆಯಾಗಿಯೇ ಹಾಕಬೇಕು.

ಅದಕ್ಕೆ ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಹಾವು ಸಿಕ್ಕ ಗ್ರಾಮದ ಹೆಸರು, ತಾರೀಖು, ಗಂಡೋ ಹೆಣ್ಣೋ, ಅಳೆದ ಉದ್ದ, ಬಿಟ್ಟ ಜಾಗ, ಪಟ್ಟೆಗಳು ಕಾಣುವಂತೆ ಒಂದು ಫೋಟೋ. ಸಿಕ್ಕರೆ ಪೊರೆಯ ಒಂದು ತುಂಡು, ಒಣಗಿಸಿ ಕಾಗದದ ಕವರಿನಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.